ಸೊನ್ನೆ ಇದ್ದ ಹಾಳೆ

ತಪ್ಪು ಇರಬೇಕಾದ ಜಾಗದಲ್ಲಿ ತಪ್ಪಿರಲಿಲ್ಲ.

ಭೂತಕನ್ನಡಿಯನ್ನು ಒರೆಸಿ ಮತ್ತೆ ಹಿಡಿದೆ. 'ಬೌಲಿಂಗ್' ಎಂದೇ ಅಚ್ಚಾಗಿತ್ತು. 'ಲಿ' ಅಕ್ಷರದ ಪಕ್ಕದಲ್ಲಿ ದುಂಡಗೆ ಒಂದು ಸೊನ್ನೆ.

ಹಿಂದಿನ ಹಾಳೆ ತಿರುವಿದೆ. 'ಬೌಲಿಗ್'. ಅದರ ಹಿಂದಿನದೂ 'ಬೌಲಿಗ್'. ಇಪ್ಪತ್ತೆರಡು ಹಾಳೆಗಳ ಸ್ಕೋರ್ ಬುಕ್ಕಿನಲ್ಲಿ ಇಪ್ಪತ್ತು ಹಾಳೆಗಳಿಗೆ ಸೊನ್ನೆ ಇಲ್ಲ. ಸೊನ್ನೆ ಇದ್ದದ್ದು ಎರಡರಲ್ಲಿ ಮಾತ್ರ: ಮೊದಲನೆಯ ಹಾಳೆ ಮತ್ತು ಕೊನೆಯ ಹಾಳೆ. ಆ ಕೊನೆಯ ಹಾಳೆಯ ಮೇಲೆ ನನ್ನ ತಮ್ಮನ ಜೀವ ನಿಂತಿತ್ತು.

ಈ ಪ್ರೆಸ್ಸಿನಲ್ಲಿ ಹದಿನಾರು ವರ್ಷದಿಂದ ಕರಡು ತಿದ್ದುವುದು ನನ್ನ ಕೆಲಸ. ಊರಿನ ಕ್ರಿಕೆಟ್ ಕ್ಲಬ್ಬಿನ ಸ್ಕೋರ್ ಬುಕ್ಕು ಅಚ್ಚಾಗುವುದೂ ಇಲ್ಲೇ. ಈ ವರ್ಷದ್ದು ಅಚ್ಚಿಗೆ ಹೋದಾಗ ನಾನು ಜ್ವರ ಬಂದು ಮಲಗಿದ್ದೆ. ನಮ್ಮ ಮಾಲೀಕರು ತಾವೇ ಕರಡು ನೋಡಿ, ಸೊನ್ನೆಯನ್ನು ನುಂಗಿ ನೀರು ಕುಡಿದಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಜಗಳ ಮಾಡಲಿಲ್ಲ. "ನಮ್ಮವರು ವಾರವಾರ ಸೊನ್ನೆ ಸುತ್ತೋರೇ. ಪುಸ್ತಕದಲ್ಲಿ ಒಂದು ಕಮ್ಮಿಯಾದ್ರೆ ಏನು ಗಂಟು ಹೋಯ್ತು!" ಎಂದು ನಕ್ಕಿದ್ದರು.

ಮುಂದಿನ ವರ್ಷದ ಬುಕ್ಕಿಗೆ ಕೆಂಪು ಶಾಯಿಯಲ್ಲಿ ಆ ಸೊನ್ನೆ ಹಾಕಿದವಳು ನಾನೇ. ಆ ಹೊಸ ಬುಕ್ಕು ಕ್ಲಬ್ಬಿಗೆ ಹೋದದ್ದು ಕೊನೆಯ ಪಂದ್ಯದ ಹಿಂದಿನ ವಾರ. ಅಂದರೆ, ಈ ವರ್ಷದ ಬುಕ್ಕಿನ ಹೊಟ್ಟೆಯೊಳಗೆ ಮುಂದಿನ ವರ್ಷದ ಹಾಳೆ ಕೂತಿತ್ತು.

ಎರಡು ತಿಂಗಳ ಹಿಂದೆ, ಆ ಕೊನೆಯ ಪಂದ್ಯದ ಮಾರನೇ ಬೆಳಗ್ಗೆ, ಮೈದಾನ ನೋಡಿಕೊಳ್ಳುತ್ತಿದ್ದ ರೋಲರ್ ತಾತ ರೋಲರ್ ಇಡುವ ಶೆಡ್ಡಿನಲ್ಲಿ ತಲೆ ಒಡೆದು ಸತ್ತುಬಿದ್ದಿದ್ದ. ಪೊಲೀಸರು ನನ್ನ ತಮ್ಮನನ್ನು ಹಿಡಿದು ಒಳಗೆ ಹಾಕಿದ್ದರು.

ಪ್ರಾಣ ಹೋದದ್ದು ಭಾನುವಾರ ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆಯ ಒಳಗೆ ಎಂದು ಡಾಕ್ಟರು ಬರೆದಿದ್ದರು. ಪಂದ್ಯ ನಡೆಯುತ್ತಿದ್ದ ಹೊತ್ತು ಅದು. ತಮ್ಮ ಆಗ ಬೌಲಿಂಗ್ ಮಾಡುತ್ತಿದ್ದ ಎಂದು ಬುಕ್ಕು ಹೇಳುತ್ತಿತ್ತು. ಪೊಲೀಸರು ಸ್ಟಂಪು, ಸುತ್ತಿಗೆ, ಅಂಗಿ, ಬೂಟು ಎಲ್ಲ ಹೊತ್ತುಕೊಂಡು ಹೋಗಿದ್ದರು. ಕ್ಲಬ್ಬಿನ ಬೀರುವಿನಲ್ಲಿದ್ದ ಬುಕ್ಕನ್ನು ಯಾರೂ ಮೂಸಿರಲಿಲ್ಲ. ನಾಳೆ ಹನ್ನೊಂದಕ್ಕೆ ಕೋರ್ಟಿನಲ್ಲಿ ಇದೇ ನಮ್ಮ ಬ್ರಹ್ಮಾಸ್ತ್ರ ಎಂದಿದ್ದರು, ಕ್ಲಬ್ಬಿಗೆ ಹೋಗಿ ಅದನ್ನು ನೋಡಿ ಬಂದಿದ್ದ ವಕೀಲರು. ಕಾರ್ಯದರ್ಶಿಯಿಂದ ನಾನು ಇಸಕೊಂಡು ಬಂದಿದ್ದ ಅದನ್ನು ಇವತ್ತು ಸಂಜೆ ಐದರೊಳಗೆ ಅವರ ಕೈಗೆ ಮುಟ್ಟಿಸಬೇಕಿತ್ತು.

ತೆಗೆದು ನೋಡುವ ಅಗತ್ಯ ನನಗೇನೂ ಇರಲಿಲ್ಲ. ಆದರೆ ಮೊನ್ನೆ ಜೈಲಿನ ಕಿಟಕಿಯ ಆಚೆಯಿಂದ ತಮ್ಮ ಒಂದು ಮಾತು ಅಂದಿದ್ದ. "ಬುಕ್ಕು ಹಾಗೇ ವಕೀಲರಿಗೆ ಕೊಟ್ಬಿಡು ಅಕ್ಕ. ನೀನು ತೆಗೆದು ನೋಡ್ಬೇಡ."

ಕರಡು ತಿದ್ದುವವಳಿಗೆ ನೋಡಬೇಡ ಎನ್ನುವುದೂ ಒಂದೇ, ಬೆಕ್ಕಿಗೆ ಹಾಲು ಕಾಯಲು ಹೇಳುವುದೂ ಒಂದೇ.

ಬಾಗಿಲು ಹಾಕಿಕೊಂಡು ಮೊದಲಿನಿಂದ ಓದಿದೆ. ಒಂದು ಹಾಳೆಗೆ ಒಂದು ಪಂದ್ಯ. ಈ ಮಗ್ಗುಲಲ್ಲಿ ಅವರ ಆಟ, ಆ ಮಗ್ಗುಲಲ್ಲಿ ನಮ್ಮ ಆಟ. ಹೆಸರುಗಳೆಲ್ಲ ಅಡ್ಡಹೆಸರು: ಬೇಕರಿ, ಮೀಟರ್, ಕಟಿಂಗ್, ಉದ್ದ. ನನ್ನ ತಮ್ಮ ಗಾಳಿ. ಮೊದಲ ಎರಡು ಓವರು ಬಿರುಗಾಳಿಯ ಹಾಗೆ ಬಂದು, ಮೂರನೆಯದಕ್ಕೆ ಬೀಸಣಿಗೆ ಆಗಿಬಿಡುತ್ತಿದ್ದುದರಿಂದ ಆ ಹೆಸರು.

ಒಂದು ಇಡೀ ವರ್ಷ ಆ ಹಾಳೆಗಳಲ್ಲಿ ಸೋತು ಬಿದ್ದಿತ್ತು. ಮೂರನೇ ಪಂದ್ಯದ ಮೇಲೆ ಚಹಾದ ಕಲೆ. ಏಳನೆಯದರಲ್ಲಿ 'ಮಳೆ, ಆಟ ಇಲ್ಲ'. ಒಂಬತ್ತನೆಯದರಲ್ಲಿ ನಾಯಕನ ಬೆರಳು ಮುರಿಯಿತು. ಹನ್ನೆರಡನೆಯದಕ್ಕೆ ಹತ್ತೇ ಜನ, ಹದಿನೈದನೆಯದಕ್ಕೆ ಒಂಬತ್ತು. ಗೆದ್ದದ್ದು ಒಟ್ಟು ನಾಲ್ಕು.

ಹದಿನೇಳನೆಯ ಪಂದ್ಯಕ್ಕೆ ಜನ ಸಾಲದೆ ರೋಲರ್ ತಾತನನ್ನೇ ಆಡಿಸಿದ್ದರು. ಅರವತ್ತು ದಾಟಿದ ಮನುಷ್ಯ. ಕೊನೆಯವನಾಗಿ ಹೋಗಿ ಒಂದು ಬೌಂಡರಿ ಹೊಡೆದು, ಔಟಾಗದೆ ಬಂದಿದ್ದ. ಅಂಚಿನಲ್ಲಿ ಸ್ಕೋರರ್ 'ತಾತನ ಫೋರ್!' ಎಂದು ಬರೆದು ಎರಡು ಗೆರೆ ಎಳೆದಿದ್ದರು. ಅದನ್ನು ಓದಿ ನನಗೆ ಅಳು ಬಂತು. ಸತ್ತವನು ನಮ್ಮ ಪಾಲಿಗೆ ಬರೀ ಒಂದು ಕೇಸಾಗಿಬಿಟ್ಟಿದ್ದ. ಅವನೂ ಒಂದು ಭಾನುವಾರ ಬ್ಯಾಟ್ ಎತ್ತಿ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದನೆಂಬುದು ಮರೆತೇ ಹೋಗಿತ್ತು.

ಇಪ್ಪತ್ತನೆಯ ಪಂದ್ಯದಲ್ಲಿ ನಲವತ್ತೊಂದಕ್ಕೆ ಎಲ್ಲರೂ ಔಟ್. ತಾತ ಪಿಚ್ಚಿಗೆ ನೀರು ಜಾಸ್ತಿ ಬಿಟ್ಟನೆಂದು ತಮ್ಮ ಎಲ್ಲರ ಎದುರು ಕೂಗಾಡಿದ್ದು ಅವತ್ತೇ. "ನಿನ್ನನ್ನೇ ರೋಲರ್ ಕೆಳಗೆ ಹಾಕ್ತೀನಿ ನೋಡ್ತಿರು!" ಎಂದಿದ್ದನಂತೆ. ಮಾತು ಆಡಿದರೆ ಹೋಯಿತು. ಎರಡು ವಾರಕ್ಕೆ ತಾತ ಹೋದ, ಆ ಮಾತು ಪೊಲೀಸರ ಕಿವಿಗೆ ಬಿತ್ತು.

ಕೊನೆಗೆ ಇಪ್ಪತ್ತೆರಡನೆಯ ಹಾಳೆ. ಚೊಕ್ಕ. ಒಂದು ಕಲೆ ಇಲ್ಲ, ಒಂದು ಗೀಚು ಇಲ್ಲ. ಬಿಸಿಲಲ್ಲಿ, ಬೆವರುವ ಕೈಯಲ್ಲಿ, ಚೆಂಡಿಗೊಂದು ಚುಕ್ಕಿ ಇಡುತ್ತ ಬರೆದ ಪುಟ ಹೀಗಿರುವುದಿಲ್ಲ. ಇದು ಮೇಜಿನ ಮೇಲಿಟ್ಟು ನಕಲು ಮಾಡಿದ ಪುಟ.

ಪಿನ್ನು ಹೊಡೆದ ಬುಕ್ಕಿನಲ್ಲಿ ಯಾವ ಹಾಳೆಯೂ ಒಂಟಿಯಲ್ಲ. ದೊಡ್ಡ ಹಾಳೆಗಳನ್ನು ಒಂದರೊಳಗೊಂದು ಮಡಚಿ ನಡುವೆ ಪಿನ್ನು ಹೊಡೆಯುತ್ತೇವೆ. ಎಲ್ಲಕ್ಕಿಂತ ಹೊರಗಿನ ಹಾಳೆಯ ಒಂದು ಅರ್ಧ ಮೊದಲ ಪಂದ್ಯ, ಇನ್ನೊಂದು ಅರ್ಧ ಕೊನೆಯ ಪಂದ್ಯ. ಕೊನೆಯದನ್ನು ಕಿತ್ತರೆ ಮೊದಲನೆಯದೂ ಕೈಗೆ ಬರುತ್ತದೆ. ಯಾರೋ ಕೊನೆಯ ಪಂದ್ಯವನ್ನು ಹೊಸ ಹಾಳೆಗೆ ಬರೆದಿದ್ದರು. ವಿಧಿಯಿಲ್ಲದೆ ಮೊದಲ ಪಂದ್ಯವನ್ನೂ ಬರೆದಿದ್ದರು. ವರ್ಷದ ಆದಿ ಅಂತ್ಯ ಎರಡೂ ನಕಲು.

ಯಾರೋ ಅನ್ನುವುದೇನು ಬಂತು? ಅಕ್ಷರ ಸ್ಕೋರರ್ ಮಾಮನದೇ.

ಆ ಹಾಳೆಯಲ್ಲಿ ಹದಿನಾಲ್ಕನೇ ಓವರಿನ ಎದುರು 'ಗಾಳಿ' ಎಂದಿತ್ತು. ಹದಿನೈದನೆಯದಕ್ಕೂ ಗಾಳಿ. ಆಮೇಲೆ ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತಮೂರು, ಎಲ್ಲ ಗಾಳಿಯದೇ. ಒಬ್ಬನೇ ಬೆನ್ನುಬೆನ್ನಿಗೆ ಎರಡು ಓವರ್ ಹಾಕುವ ಹಾಗಿಲ್ಲವೆಂಬುದು ಬೀದಿಯಲ್ಲಿ ಕಟ್ಟಿಗೆ ಚೂರು ಹಿಡಿದು ಆಡುವ ಮಕ್ಕಳಿಗೂ ಗೊತ್ತು.

ಹೋದ ವಾರ ಬೇಕರಿಯವನು ಬ್ರೆಡ್ಡು ಕಟ್ಟಿಕೊಡುತ್ತ ಅಂದಿದ್ದ ಮಾತು ಆಗ ತಲೆಗೆ ಹೊಕ್ಕಿತು.

"ಕೊನೇ ಮ್ಯಾಚಲ್ಲಿ ಐದು ಓವರ್ ಹಾಕಿಸಿದ್ರು ಅಕ್ಕ. ಮಾರನೇ ದಿನ ಹಿಟ್ಟು ನಾದೋಕೆ ಭುಜವೇ ಏಳ್ಲಿಲ್ಲ. ಆದ್ರೂ ಒಂದು ವಿಕೆಟ್ ಬಿತ್ತು ನೋಡಿ. ವರ್ಷಕ್ಕೆ ಅದೊಂದೇ!"

"ಆಗ ನನ್ನ ತಮ್ಮ ಎಲ್ಲಿದ್ದ?"

"ಅಲ್ಲೇ ಎಲ್ಲೋ ಬೌಂಡರಿ ಹತ್ರ ಇದ್ದಿರ್ಬೇಕು. ನನ್ನ ಕಣ್ಣು ಸ್ಟಂಪ್ ಬಿಟ್ಟು ಎಲ್ಲೂ ಹೋಗ್ಲಿಲ್ಲ ಬಿಡಿ."

ಬುಕ್ಕಿನಲ್ಲಿ ಬೇಕರಿಯ ಹೆಸರಿಗೆ ಒಂದು ಓವರೂ ಇರಲಿಲ್ಲ. ಆ ವಿಕೆಟ್ಟು ಗಾಳಿಯ ಲೆಕ್ಕಕ್ಕೆ ಹೋಗಿತ್ತು.

ಗೋಡೆ ಗಡಿಯಾರ ನೋಡಿದೆ. ಮೂರೂ ಐವತ್ತು. ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

"ಎಲ್ಲಿಗಮ್ಮಾ? ಮದುವೆ ಪತ್ರಿಕೆ ಕರಡು ಯಾರು ನೋಡೋರು?" ಎಂದರು ಮಾಲೀಕರು.

"ನೀವು ನೋಡ್ಬೇಡಿ. ಮದುಮಗಳ ಹೆಸರೇ ಹಾರಿಹೋಗುತ್ತೆ."

ಸ್ಕೋರರ್ ಮಾಮ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ನಿಲ್ದಾಣದ ನಡುವೆ ಒಂದು ಗಾಜಿನ ಕೋಣೆ, ಒಂದು ಮೇಜು, ಒಂದು ಮೈಕು. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವುದೇ ಅವರ ಕೆಲಸ. ಅದೇ ಚಾಳಿ ಮೈದಾನಕ್ಕೂ ಬಂದಿತ್ತು: ಪ್ರತಿ ಓವರ್ ಶುರುವಾದ ನಿಮಿಷವನ್ನು ಬುಕ್ಕಿನ ಅಂಚಿನಲ್ಲಿ ಬರೆಯುತ್ತಿದ್ದರು. ಹದಿನೈದನೇ ಓವರ್ ಮೂರೂ ಮೂವತ್ತೊಂದಕ್ಕೆ, ಇಪ್ಪತ್ತಮೂರನೆಯದು ನಾಲ್ಕೂ ಇಪ್ಪತ್ತೇಳಕ್ಕೆ. ವಕೀಲರು ಬುಕ್ಕಿಗೆ ಮರುಳಾದದ್ದು ಆ ನಿಮಿಷಗಳನ್ನು ನೋಡಿಯೇ.

ನಾನು ಬಾಗಿಲು ತಳ್ಳಿದಾಗ ಅವರು ಮೈಕಿನಲ್ಲಿದ್ದರು. "ಪ್ರಯಾಣಿಕರ ಗಮನಕ್ಕೆ. ಮೂರನೇ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಐದು ನಿಮಿಷದಲ್ಲಿ ಹೊರಡಲಿದೆ." ಗುಂಡಿ ಒತ್ತಿ ಮೈಕು ಆರಿಸಿ, ಕನ್ನಡಕದ ಮೇಲಿಂದ ನೋಡಿದರು.

"ಬಾಮ್ಮ. ತಮ್ಮ ಹೇಗಿದಾನೆ?"

"ನಾಳೆ ಹೊರಗೆ ಬರ್ಬೇಕು ಮಾಮ. ನಿಮ್ಮ ಬುಕ್ಕು ನಿಜ ಆಗಿದ್ರೆ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ನಾನು ಬುಕ್ಕು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟೆ.

"ಹದಿನಾಲ್ಕೂ ಗಾಳಿಯದೇ, ಹದಿನೈದೂ ಗಾಳಿಯದೇ. ಅಂಪೈರ್ ಏನು ಮಾಡ್ತಿದ್ರು?"

"ಅವನಿಗೆ ಊಟ ಆದ್ಮೇಲೆ ಕಣ್ಣು ಬಿಡೋದೇ ಕಷ್ಟ."

"ನೀವು?"

"ವಯಸ್ಸಾಯ್ತು. ಕೈ ತಪ್ಪಿರ್ಬೇಕು."

"ಇಪ್ಪತ್ತೊಂಬತ್ತು ವರ್ಷ ಬರೆದ ಕೈ. ಉಳಿದ ಇಪ್ಪತ್ತೊಂದು ಪಂದ್ಯದಲ್ಲಿ ಒಂದು ಕಡೆನೂ ತಪ್ಪಿಲ್ಲ ಮಾಮ. ಎಣಿಸ್ಕೊಂಡೇ ಬಂದಿದೀನಿ."

ಅವರು ನಕ್ಕ ಹಾಗೆ ಮಾಡಿದರು. "ಪೊಲೀಸರಿಗಿಂತ ನೀನೇ ವಾಸಿ ಕಣಮ್ಮಾ."

"ಈ ಹಾಳೆ ಹೊಸ ಬುಕ್ಕಿಂದು."

"ಹಾಗಂತ ಯಾರು ಹೇಳಿದ್ದು?"

ಸೊನ್ನೆಯ ಮೇಲೆ ಬೆರಳಿಟ್ಟೆ. "ಇದು ಹೇಳ್ತು. ಇದನ್ನ ಹಾಕಿದ್ದು ನಾನು. ಇದು ಹುಟ್ಟಿದ್ದೇ ಹೊಸ ಬುಕ್ಕಿಗೆ."

ಅವರು ಬಗ್ಗಿ ನೋಡಿದರು. ಹಿಂದಿನ ಹಾಳೆ ನೋಡಿದರು. ಮತ್ತೆ ಇದನ್ನು ನೋಡಿದರು. ಒಂದು ವರ್ಷ ಪೂರ್ತಿ ಆ ತಲೆಬರಹದ ಕೆಳಗೇ ಬರೆದ ಮನುಷ್ಯ ಆ ಪದವನ್ನು ಒಂದು ಸಲವೂ ಓದಿರಲಿಲ್ಲ. ಯಾರೂ ಓದುವುದಿಲ್ಲ; ಅದಕ್ಕೇ ನಮ್ಮಂಥವರಿಗೆ ಅನ್ನ ಹುಟ್ಟುತ್ತದೆ.

ಹೊರಗೆ ಯಾರೋ ಗಾಜು ತಟ್ಟಿದರು. ಮಾಮ ಮೈಕು ಹಚ್ಚಿ, ಒಂದನೇ ಅಂಕಣದ ಬಸ್ಸು ಹತ್ತು ನಿಮಿಷ ತಡವೆಂದು, ಪ್ರಯಾಣಿಕರು ಸಹಕರಿಸಬೇಕೆಂದು ಹೇಳಿದರು. ದನಿ ಒಂದು ಚೂರೂ ನಡುಗಲಿಲ್ಲ. ಮೈಕು ಆರಿಸಿ, ಬುಕ್ಕು ಮುಚ್ಚಿ ನನ್ನ ಕಡೆ ಸರಿಸಿದರು.

"ಹಳೇ ಹಾಳೆ ಸುಟ್ಟುಬಿಟ್ರಾ?"

"ಬರೆದಿದ್ದನ್ನ ಸುಡೋದಾ? ಆ ಕೆಲಸ ನನ್ನಿಂದ ಆಗಲ್ಲ."

ಮೇಜಿನ ಕೆಳಗಿನ ಖಾನೆಯಿಂದ ಬಸ್ಸಿನ ಹಳೆ ವೇಳಾಪಟ್ಟಿಗಳ ಕಟ್ಟು ತೆಗೆದರು. ನಡುವೆ ಮಡಚಿಟ್ಟ ಹಾಳೆ. ಕಲೆ, ಗೀಚು, ಬೆವರು, ಎಲ್ಲ ಇತ್ತು. ಮೇಲೆ 'ಬೌಲಿಗ್', ಸೊನ್ನೆ ಇಲ್ಲ.

ಆ ಒಂದು ಕ್ಷಣ ನಾನು ದೇವರನ್ನು ಬೇಡಿಕೊಂಡೆ. ಏನೋ ಒಂದು ಸಣ್ಣ ಕಾರಣಕ್ಕೆ ನಕಲು ಮಾಡಿರಲಿ, ಚಹಾ ಚೆಲ್ಲಿರಲಿ, ಇಲಿ ಕಡಿದಿರಲಿ, ಆದರೆ ಹಳೆಯ ಹಾಳೆಯಲ್ಲೂ ನನ್ನ ತಮ್ಮನೇ ಬೌಲಿಂಗ್ ಮಾಡುತ್ತಿರಲಿ.

ಹದಿನಾಲ್ಕನೇ ಓವರಿನ ಪಕ್ಕದಲ್ಲಿ ಮಾಮನ ಅಕ್ಷರ: '3.31. ಗಾಳಿ ಹೊರಗೆ.' ಹದಿನೈದರಿಂದ ಬೇಕರಿ. ಹತ್ತೊಂಬತ್ತನೆಯದರಲ್ಲಿ ಒಂದು ವಿಕೆಟ್, ಅದರ ಮುಂದೆ 'ಅಂತೂ!'. ಇಪ್ಪತ್ತಮೂರರ ಕೆಳಗೆ: '4.36. ಗಾಳಿ ವಾಪಸ್.'

ಒಂದು ಗಂಟೆ ಐದು ನಿಮಿಷ. ಡಾಕ್ಟರ ಕಾಗದಕ್ಕೆ ಅಳತೆ ತೆಗೆದು ಹೊಲಿದ ಹಾಗಿತ್ತು.

ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಎರಡು ತಿಂಗಳಿಂದ ಈ ಬುಕ್ಕೊಂದನ್ನೇ ನಂಬಿಕೊಂಡು ಎರಡು ಹೊತ್ತು ಊಟ ಮಾಡುತ್ತಿದ್ದೆ. ಈಗ ಅದೂ ಇಲ್ಲ. ಗೋರಿಯಂಥ ಆ ಗಾಜಿನ ಕೋಣೆಯಲ್ಲಿ ಕೂತು, ನನ್ನ ತಮ್ಮ ಕೊಲೆ ಮಾಡಿದ್ದಾನೆ ಎಂದು ಮೊದಲ ಸಲ ಮನಸ್ಸಿನಲ್ಲೇ ಒಂದು ಪೂರ್ತಿ ವಾಕ್ಯವಾಗಿ ಹೇಳಿಕೊಂಡೆ. ಅದರಲ್ಲಿ ತಿದ್ದಲು ಒಂದು ಅಕ್ಷರವೂ ಸಿಗಲಿಲ್ಲ.

ಮಾಮ ನೀರಿನ ಲೋಟ ಮುಂದೆ ಸರಿಸಿದರು.

"ಈ ವಿಷಯ ನಮ್ಮಿಬ್ಬರಿಗೆ ಮಾತ್ರ ಗೊತ್ತು. ನಾಳೆ ಬುಕ್ಕು ಕೋರ್ಟಿಗೆ ಹೋಗ್ಲಿ. ಸೊನ್ನೆ ಯಾರ ಕಣ್ಣಿಗೂ ಬೀಳಲ್ಲ."

"ಬೆನ್ನುಬೆನ್ನಿಗೆ ಎರಡು ಓವರ್ ಬೀಳುತ್ತಲ್ಲ?"

"ಅದು..." ಮಾಮ ಕನ್ನಡಕ ತೆಗೆದು ಕಣ್ಣು ಉಜ್ಜಿದರು. "ಅದನ್ನ ಬೇಕಂತಲೇ ಬಿಟ್ಟೆ. ಸರಿ ಮಾಡೋಕೆ ಬರ್ತಿತ್ತು. ಆದ್ರೆ ಸುಳ್ಳು ಬರೀತಿರೋ ಕೈ ಒಂದು ಕಡೆ ಆದ್ರೂ 'ಇದು ಸುಳ್ಳು' ಅಂತ ಹೇಳ್ಬೇಕು ಅನ್ನಿಸ್ತು. ಹುಚ್ಚು ಅನ್ಕೋ."

ಹುಚ್ಚೇ. ಮನೆಗೆ ಬೆಂಕಿ ಇಟ್ಟು ಬಾಗಿಲ ಮೇಲೆ ಸಹಿ ಮಾಡಿ ಬಂದ ಹಾಗೆ. ಆದರೂ ಬೈಯಲು ಬಾಯಿ ಬರಲಿಲ್ಲ.

"ಅವನೇ ಬಂದು ಕೇಳಿದ್ನಾ? ಕಾಲು ಹಿಡಿದ್ನಾ?"

"ಯಾರು, ನಿನ್ನ ತಮ್ಮನಾ? ಅವನು ನನ್ನ ಹತ್ರ ಒಂದು ಮಾತೂ ಆಡಿಲ್ಲ."

"ಮತ್ತೆ?"

ಮಾಮ ಹೊರಗೆ ನೋಡಿದರು. ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ನಿರ್ವಾಹಕ ಹಿಂದೆ ನಿಂತು ಬಾಗಿಲು ಬಡಿಯುತ್ತಿದ್ದ. ಬಸ್ಸು ನಿಂತ ಮೇಲೆ ಹೊತ್ತು ನೋಡಿ, ಬರೆದುಕೊಂಡು, ಆಮೇಲೆ ಹೇಳಿದರು.

"ನಿಮ್ಮಮ್ಮ."

ನನಗೆ ತಟ್ಟನೆ ಅರ್ಥವಾಗಲಿಲ್ಲ.

"ನನ್ನ ಹೆಂಡ್ತಿ ಆಸ್ಪತ್ರೇಲಿ ಜೀವ ಬಿಡುವಾಗ ನಾನು ಇದೇ ಕುರ್ಚಿ ಮೇಲೆ ಬಸ್ಸು ಬರ್ಕೊಳ್ತಿದ್ದೆ. ಕೊನೇ ಗುಟುಕು ನೀರು ಕುಡಿಸಿದ್ದು ನಿಮ್ಮಮ್ಮ. ಡ್ಯೂಟಿ ಮುಗಿದಿತ್ತಂತೆ ಅವ್ರದ್ದು, ಆದ್ರೂ ಎದ್ದು ಹೋಗ್ಲಿಲ್ಲ. ಅಂಥ ನರ್ಸಮ್ಮ ಬಾಗಿಲಿಗೆ ಬಂದು, 'ಮೂರೂವರೆಯಿಂದ ನಾಲ್ಕೂವರೆವರೆಗೆ ನನ್ನ ಮಗ ಮೈದಾನದಲ್ಲೇ ಇದ್ದ ಅಂತ ಇರ್ಲಿ' ಅಂದ್ರೆ ನಾನು ಯಾಕೆ ಅಂತ ಹೇಗೆ ಕೇಳ್ಲಿ?"

ಅಮ್ಮ. ಮಗನನ್ನು ಉಳಿಸಿಕೊಳ್ಳಲು ಸುಳ್ಳು ಬರೆಸಿದಳು. ಯಾವ ತಾಯಿ ತಾನೇ ಬರೆಸುತ್ತಿರಲಿಲ್ಲ! ಅವಳ ಮೇಲೆ ಸಿಟ್ಟು ಬರಲಿಲ್ಲ. ಅಯ್ಯೋ ಪಾಪ ಎನಿಸಿತು. ಡಾಕ್ಟರು ಹೊತ್ತು ಬರೆದ ಮೇಲೆ ಎದ್ದು ಓಡಿಬಂದಿರಬೇಕು.

"ಡಾಕ್ಟರ ಕಾಗದ ಬಂದ ದಿನಾನಾ? ಗುರುವಾರ?"

ಅಲ್ಲವೆಂದು ಮಾಮ ತಲೆ ಅಲ್ಲಾಡಿಸಿದರು.

"ಸೋಮವಾರ ಬೆಳಗ್ಗೆ ಆರಕ್ಕೆ ಕೂತು ನಾನು ಆ ಹಾಳೆ ಬರೀತಿದ್ದೆ ಕಣಮ್ಮಾ. ಏಳೂಕಾಲಿಗೆ ಪಕ್ಕದ ಮನೆಯವನು ಬಂದು, ಶೆಡ್ಡಲ್ಲಿ ತಾತ ಸತ್ತುಬಿದ್ದಿದಾನೆ, ಈಗ ತಾನೇ ನೋಡಿದ್ರಂತೆ ಅಂದ. ನನ್ನ ಕೈಯಲ್ಲಿ ಪೆನ್ನು ಹಾಗೇ ಇತ್ತು."

"ಹಾಗಾದ್ರೆ ಅಮ್ಮ ಬಂದಿದ್ದು..."

"ಭಾನುವಾರ. ಮ್ಯಾಚು ಮುಗಿಸ್ಕೊಂಡು ಬಂದು ಮನೆ ಬೀಗ ತೆಗೀತಿದ್ದೆ. ಆರು ಗಂಟೆ ಹತ್ತು ನಿಮಿಷ." ಅವರು ನನ್ನ ಮುಖ ನೋಡಲಿಲ್ಲ. "ಹೊತ್ತಿನ ವಿಷಯದಲ್ಲಿ ನಾನು ತಪ್ಪಲ್ಲ. ತಪ್ಪಿದ್ರೆ ಸಾಕು ಅಂತ ಎರಡು ತಿಂಗಳಿಂದ ನೋಡ್ತಿದೀನಿ."

ಹೆಣ ಇದೆ ಎಂದು ಊರಿಗೆ ಗೊತ್ತಾಗಲು ಇನ್ನೂ ಹದಿಮೂರು ಗಂಟೆ ಇತ್ತು. ಸತ್ತ ಹೊತ್ತು ಡಾಕ್ಟರಿಗೆ ಗೊತ್ತಾಗಲು ಇನ್ನೂ ನಾಲ್ಕು ದಿನ ಇತ್ತು. ಅಮ್ಮನಿಗೆ ಆಗಲೇ ಎರಡೂ ಗೊತ್ತಿತ್ತು.

ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮಾಮನೂ ನಾನೂ ಒಟ್ಟಿಗೆ ಬೆಚ್ಚಿದೆವು. ತೆಗೆದು ನೋಡಿದೆ. ಅಮ್ಮ.

"ಎಲ್ಲಿದೀಯೇ? ನಾಲ್ಕೂ ಮುಕ್ಕಾಲಾಯ್ತು. ಬುಕ್ಕು ವಕೀಲರಿಗೆ ಕೊಟ್ಯಾ?"

ಎಂದಿನ ದನಿ. ಹಿಂದೆ ಅಡುಗೆಮನೆಯ ನಲ್ಲಿಯ ಸದ್ದು. ತಟ್ಟೆ ತೊಳೆಯುತ್ತ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಿದ್ದಾಳೆ ಎಂದು ಗೊತ್ತಾಯಿತು.

"ಅಮ್ಮಾ," ಎಂದೆ. "ಆ ಭಾನುವಾರ ಮಧ್ಯಾಹ್ನ ಮೂರೂವರೆಗೆ ನೀನು ಎಲ್ಲಿದ್ದೆ?"

ನಲ್ಲಿ ನಿಂತಿತು.

ತಡವಾಗಿದ್ದ ಒಂದನೇ ಅಂಕಣದ ಬಸ್ಸು ಹೊರಟು, ನಿಲ್ದಾಣದ ತಿರುವು ದಾಟಿ ಹೋಯಿತು. ಆಮೇಲೆ ಅಮ್ಮ ಮೆಲ್ಲಗೆ ಕೇಳಿದಳು.

"ಯಾರು ಹೇಳಿದ್ದು? ನಿನ್ನ ತಮ್ಮ ಬಾಯಿ ಬಿಟ್ನಾ?"